ಎಳೆದರೂ ಕೆಡದ ಸ್ಪರ್ಶಕ: ಜಿಯೋಜಿಬ್ರಾದಲ್ಲಿ ಒಂದು ಪಾಠ ಕಟ್ಟುವುದು ಹೇಗೆ?

ಚಿತ್ರದುರ್ಗ, ದಾವಣಗೆರೆ ಕಡೆಯ ಹೈಸ್ಕೂಲುಗಳ ಗಣಿತ ಮೇಷ್ಟ್ರುಗಳ ಪಕ್ಕ ಕೂತು ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶ ಹೇಳಿಕೊಡುತ್ತ ಬಂದವಳು ನಾನು. ಬಹಳಷ್ಟು ಮಂದಿ ಎಡವುವುದು ಒಂದೇ ಜಾಗದಲ್ಲಿ. ಪರದೆಯ ಮೇಲೆ ಸ್ಪರ್ಶಕ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ, ಚೆಂದಾಗಿ ಕೂತಿರುತ್ತದೆ. ಹಿಂದಿನ ಬೆಂಚಿನ ಹುಡುಗಿ ಬಂದು ಮೌಸ್ ಹಿಡಿದು ಬಿಂದುವನ್ನು ಒಂದಿಷ್ಟು ಎಳೆದಳೋ ಇಲ್ಲವೋ, ಗೆರೆ ವೃತ್ತವನ್ನು ಸೀಳಿಕೊಂಡು ಆಚೆ ಹೋಗುತ್ತದೆ. ಮೇಷ್ಟ್ರು ಗಾಬರಿಯಾಗಿ ಕಂಪ್ಯೂಟರ್ ಆರಿಸಿ ಸೀಮೆಸುಣ್ಣ ಹಿಡಿಯುತ್ತಾರೆ. ತಪ್ಪು ಕಂಪ್ಯೂಟರಿನದಲ್ಲ. ಅವರು ಚಿತ್ರ ಬಿಡಿಸಿರುತ್ತಾರೆ, ರಚನೆ ಮಾಡಿರುವುದಿಲ್ಲ. ಈ ಎರಡರ ವ್ಯತ್ಯಾಸ ತಿಳಿದರೆ ಉಳಿದದ್ದೆಲ್ಲ ಸಲೀಸು.

ಹತ್ತನೇ ತರಗತಿಯ ‘ವೃತ್ತಗಳು’ ಪಾಠದ ಪ್ರಮೇಯವನ್ನೇ ತೆಗೆದುಕೊಳ್ಳೋಣ: ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳ ಉದ್ದ ಸಮ.

ಮೊದಲು ತಂತ್ರಾಂಶ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಶುರುಮಾಡಿದ್ದು ಇದು; ಶಾಲೆಗಳಿಗೆ ಉಚಿತ. ಎಸ್‌ಟಿಎಫ್ (ವಿಷಯ ಶಿಕ್ಷಕರ ವೇದಿಕೆ) ತರಬೇತಿಗೆ ಹೋಗಿಬಂದವರು ಉಬುಂಟು ಕಂಪ್ಯೂಟರಿನಲ್ಲಿ ಇದನ್ನು ಕಂಡಿರುತ್ತೀರಿ. ನನ್ನ ಮಾತು ಕೇಳುವುದಾದರೆ ಇದರ ಕ್ಲಾಸಿಕ್ 5 ಆವೃತ್ತಿ ಹಾಕಿಕೊಳ್ಳಿ. ಲ್ಯಾಬಿನ ಹಳೇ ಯಂತ್ರದಲ್ಲೂ ಓಡುತ್ತದೆ, ಒಮ್ಮೆ ಹಾಕಿದ ಮೇಲೆ ಇಂಟರ್‌ನೆಟ್ ಬೇಡ. ಬ್ರೌಸರಿನಲ್ಲೇ ತೆರೆಯುತ್ತೇನೆ ಎಂದು ಹೊರಟು, ನೆಟ್‌ವರ್ಕ್ ಸಿಗದೆ ಅರ್ಧ ಪೀರಿಯಡ್ ಕಳೆದವರನ್ನು ಕಣ್ಣಾರೆ ನೋಡಿದ್ದೇನೆ.

ಇಲ್ಲೊಂದು ಮಾತು ಹೇಳಲೇಬೇಕು. ‘ಅನಿಮೇಟೆಡ್ ಪಾಠ’ ತುಂಬಿದ ಪೆನ್‌ಡ್ರೈವ್‌ಗಳನ್ನು ಶಾಲೆಗೇ ತಂದು ಮಾರುತ್ತಾರೆ. ಅದರಲ್ಲಿ ಗೆರೆ ತಾನೇ ಓಡುತ್ತದೆ, ಹಿನ್ನೆಲೆಯಲ್ಲಿ ಸಂಗೀತ, ಕೊನೆಗೆ ‘ಎರಡೂ ಸ್ಪರ್ಶಕಗಳು ಸಮ’ ಎಂದು ಒಂದು ದನಿ. ಮಗು ಕೈಯಿಂದ ಮುಟ್ಟಿ ಬದಲಾಯಿಸುವಂಥದ್ದು ಏನೂ ಇಲ್ಲ. ಅಂಥದ್ದಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ದುಡ್ಡು ಹಾಕಬೇಡಿ.

ತರಗತಿಗೆ ಮುಂಚೆ ಆಪ್ಷನ್ಸ್‌ಗೆ ಹೋಗಿ ಅಕ್ಷರದ ಅಳತೆಯನ್ನು 24ಕ್ಕೆ ಏರಿಸಿ. ಇದನ್ನು ಮರೆತರೆ ಮೂರನೇ ಬೆಂಚಿನಾಚೆ ಯಾರಿಗೂ ಏನೂ ಕಾಣುವುದಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ಮಕ್ಕಳಿಗೊಂದು ಪ್ರಶ್ನೆ ಹಾಕಿ. ನಾನು ಕೋಟೆಯ ಬತೇರಿಯನ್ನು ನೆನಪಿಸುತ್ತೇನೆ. ದುಂಡನೆಯ ಬತೇರಿಯ ಮುಂದೆ ನಿಂತಿದ್ದೀಯ. ನಿನ್ನ ಕಣ್ಣಿನಿಂದ ಗೋಡೆಯ ಎಡ ಅಂಚಿಗೆ ಒಂದು ದಾರ, ಬಲ ಅಂಚಿಗೆ ಒಂದು ದಾರ. ಯಾವುದು ಉದ್ದ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿಬಿಡಿ. ಬರೆದವರು ಆಮೇಲೆ ಪರದೆ ನೋಡುವ ಗಮನವೇ ಬೇರೆ.

ಈಗ ರಚನೆ. ಸೊನ್ನೆ, ಸೊನ್ನೆಯಲ್ಲಿ ಒಂದು ಬಿಂದು ಇಡಿ, ಅದಕ್ಕೆ ‘ಓ’ ಎಂದು ಹೆಸರಿಡಿ. ವೈ-ಅಕ್ಷದ ಮೇಲೆ 3ರಲ್ಲಿ ‘ಆರ್’. ಸರ್ಕಲ್ ವಿತ್ ಸೆಂಟರ್ ಥ್ರೂ ಪಾಯಿಂಟ್ ಸಾಧನದಿಂದ ಓ ಒತ್ತಿ, ಆರ್ ಒತ್ತಿ, ವೃತ್ತ ಬಂತು. ಎಕ್ಸ್-ಅಕ್ಷದ ಮೇಲೆ 5ರಲ್ಲಿ ‘ಪಿ’. ಓ–ಪಿ ಸೇರಿಸಿ, ಮಿಡ್‌ಪಾಯಿಂಟ್ ಸಾಧನದಿಂದ ಅದರ ಮಧ್ಯಬಿಂದು ‘ಎಂ’ ಪಡೆಯಿರಿ. ಎಂ ಕೇಂದ್ರವಾಗಿ ಓ ಮೂಲಕ ಹಾಯುವ ಎರಡನೇ ವೃತ್ತ ಎಳೆಯಿರಿ. ಕೈವಾರದಲ್ಲಿ ಮಾಡುವುದೂ ಇದೇ ತಾನೆ.

ಮುಂದಿನ ಹಂತದಲ್ಲೇ ಎಲ್ಲರೂ ಬೀಳುವುದು. ಎರಡು ವೃತ್ತಗಳು ಎರಡು ಕಡೆ ಕತ್ತರಿಸಿವೆ. ಅಲ್ಲಿ ಬಿಂದು ಬೇಕು. ಪಾಯಿಂಟ್ ಸಾಧನ ಹಿಡಿದು ಕಣ್ಣಳತೆಯಲ್ಲಿ ಅಲ್ಲೊಂದು ಚುಕ್ಕೆ ಇಟ್ಟುಬಿಡುತ್ತಾರೆ. ಕೂದಲೆಳೆಯಷ್ಟು ತಪ್ಪಿದರೂ ಆ ಚುಕ್ಕೆ ಛೇದನ ಬಿಂದುವಾಗುವುದಿಲ್ಲ. ಒಂದೇ ವೃತ್ತದ ಮೇಲೆ ಜಾರಾಡುವ ಬಿಂದುವಾಗುತ್ತದೆ, ಇಲ್ಲವೇ ಯಾವುದಕ್ಕೂ ಅಂಟದೆ ಒಂಟಿಯಾಗಿ ಕೂತಿರುತ್ತದೆ. ನೋಡುವ ಕಣ್ಣಿಗೆ ಮೂರೂ ಒಂದೇ. ಪಿ ಅಲುಗಾಡಿದ ಮೇಲಷ್ಟೇ ಬಣ್ಣ ಬಯಲು.

ಸರಿಯಾದ ದಾರಿ ಹೀಗೆ. ಇಂಟರ್‌ಸೆಕ್ಟ್ ಸಾಧನ ತೆಗೆದುಕೊಳ್ಳಿ. ಕತ್ತರಿಸುವ ಜಾಗದ ಹತ್ತಿರಕ್ಕೂ ಹೋಗಬೇಡಿ. ಮೊದಲ ವೃತ್ತದ ಗೆರೆಯ ಮೇಲೆ, ಬೇರೇನೂ ಇಲ್ಲದ ಕಡೆ, ಒಮ್ಮೆ ಒತ್ತಿ. ಎರಡನೆಯದರ ಮೇಲೂ ಹಾಗೇ ಬರಿ ಜಾಗ ನೋಡಿ ಒತ್ತಿ. ಎರಡೂ ಛೇದನ ಬಿಂದುಗಳು ‘ಎ’, ‘ಬಿ’ ಎಂದು ಒಟ್ಟಿಗೇ ಮೂಡುತ್ತವೆ. ಕತ್ತರಿಸುವ ಜಾಗದಲ್ಲೇ ಒತ್ತಿದರೆ ಒಂದೇ ಬರುತ್ತದೆ.

ಮುಂದಕ್ಕೆ ಹೋಗುವ ಮೊದಲು ಬಿಂದುಗಳ ಬಣ್ಣ ನೋಡಿ. ಕ್ಲಾಸಿಕ್ 5ರಲ್ಲಿ ಎಲ್ಲಿಗೆ ಬೇಕಾದರೂ ಎಳೆಯಬಹುದಾದ ಬಿಂದು ಕಡುನೀಲಿ, ಒಂದು ಗೆರೆಗಷ್ಟೇ ಅಂಟಿದ್ದು ತಿಳಿನೀಲಿ, ಬೇರೆ ಬಿಂದುಗಳ ಲೆಕ್ಕದಿಂದ ಹುಟ್ಟಿದ್ದು ಕಪ್ಪು. ಎ, ಬಿ ಎರಡೂ ಕಪ್ಪಗಿರಬೇಕು. ನೀಲಿ ಕಂಡರೆ ರಿಪೇರಿಗೆ ಹೋಗಬೇಡಿ. ಕಂಟ್ರೋಲ್ ಜಡ್ ಒತ್ತಿ, ಮತ್ತೆ ಮಾಡಿ. ಆಮೇಲೆ ಎಸ್ಕೇಪ್ ಒತ್ತಿದರೆ ಮೂವ್ ಸಾಧನ ಕೈಗೆ ಬರುತ್ತದೆ. ಪಿಯನ್ನು ಹಿಡಿದು ವೃತ್ತದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಆರ್ ಎಳೆದು ವೃತ್ತ ಹಿಗ್ಗಿಸಿ, ಕುಗ್ಗಿಸಿ. ಎ, ಬಿ ಕತ್ತರಿಸುವ ಜಾಗ ಬಿಟ್ಟು ಕದಲದಿದ್ದರೆ ರಚನೆ ಗಟ್ಟಿ. ಈ ಪರೀಕ್ಷೆಯನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ.

ಆರ್ ಮತ್ತು ಪಿಯನ್ನು ಮೊದಲಿನ ಜಾಗಕ್ಕೆ ತಂದು, ಪಿಎ, ಪಿಬಿ ರೇಖಾಖಂಡ ಎಳೆದು ಉದ್ದ ತೋರಿಸಿ. ಎರಡೂ 4 ಬರುತ್ತವೆ. 3, 4, 5 ಎಂದ ಕೂಡಲೇ ಪೈಥಾಗೊರಸ್ ಹೆಸರು ಮಕ್ಕಳ ಬಾಯಲ್ಲೇ ಬರುತ್ತದೆ. ನಾನು ಈ ಅಳತೆಗಳನ್ನೇ ಇಡಿಸುವುದು ಅದಕ್ಕೇ.

ಕೋನ ಅಳೆಯುವಾಗ ಇನ್ನೊಂದು ಕಿರಿಕಿರಿ ಇದೆ. ಓ, ಎ, ಪಿ ಒತ್ತಿದರೆ 90 ಬರಬೇಕಾದಲ್ಲಿ ಒಮ್ಮೊಮ್ಮೆ 270 ಬರುತ್ತದೆ. ಜಿಯೋಜಿಬ್ರಾ ಗಡಿಯಾರದ ಮುಳ್ಳಿಗೆ ಎದುರಾಗಿ ಅಳೆಯುತ್ತದೆ. ನೀವು ಒತ್ತಿದ ಕ್ರಮ ತಿರುವುಮುರುವಾಗಿದೆ, ಅಷ್ಟೆ. ಪಿ, ಎ, ಓ ಎಂದು ಒತ್ತಿ. ಇಲ್ಲವೇ ಆ ಕೋನದ ಪ್ರಾಪರ್ಟೀಸ್ ತೆರೆದು 0ಯಿಂದ 180ರೊಳಗೆ ಎಂದು ಆರಿಸಿಬಿಡಿ. ನನಗೆ ಎರಡನೆಯದೇ ಇಷ್ಟ.

ಟ್ಯಾಂಜೆಂಟ್ಸ್ ಎಂಬ ರೆಡಿಮೇಡ್ ಸಾಧನ ಇರುವಾಗ ಇಷ್ಟೆಲ್ಲ ಏಕೆ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಪಿ ಒತ್ತಿ, ವೃತ್ತ ಒತ್ತಿದರೆ ಸ್ಪರ್ಶಕ ಸಿದ್ಧ, ನಿಜ. ಮಗು ಕಲಿಯುವುದು ಗುಂಡಿ ಒತ್ತುವುದನ್ನು ಮಾತ್ರ. ನಮ್ಮ ರಚನೆಯಲ್ಲಿ ಓಪಿ ಎರಡನೇ ವೃತ್ತದ ವ್ಯಾಸ, ಎ ಅದರ ಪರಿಧಿಯ ಮೇಲಿದೆ, ಅರ್ಧವೃತ್ತದಲ್ಲಿನ ಕೋನ ಲಂಬಕೋನ. ಹಾಗಾಗಿ ತ್ರಿಜ್ಯ ಓಎಗೆ ಪಿಎ ಲಂಬ. ಕಾರಣ ಚಿತ್ರದೊಳಗೇ ಇದೆ. ಆದ್ದರಿಂದ ಎರಡನೇ ವೃತ್ತವನ್ನು ಮರೆಮಾಡಬೇಡಿ, ಚುಕ್ಕಿಗೆರೆ ಮಾಡಿ ಉಳಿಸಿ. ರೆಡಿಮೇಡ್ ಸಾಧನವನ್ನು ಕೊನೆಯಲ್ಲಿ ತಾಳೆ ನೋಡಲು ಬಳಸಿ.

ಇನ್ನು ಮೌಸ್ ಮಕ್ಕಳಿಗೆ. ಪಿಯನ್ನು ದೂರ ಎಳೆಯುತ್ತಾರೆ, ಹತ್ತಿರ ತರುತ್ತಾರೆ. ಎರಡು ಉದ್ದಗಳೂ ಒಟ್ಟಿಗೇ ಬದಲಾಗುತ್ತವೆ. ಯಾರಾದರೂ ಒಬ್ಬರು ಪಿಯನ್ನು ವೃತ್ತದೊಳಕ್ಕೆ ನುಗ್ಗಿಸಿಯೇ ತೀರುತ್ತಾರೆ. ಎರಡು ಗೆರೆಯೂ ಮಾಯ. ‘ಮೇಡಂ, ಗೆರೆ ಎಲ್ಲಿಗೆ ಹೋದ್ವು?’ ಆಗ ನೀವು ಬಾಯಿಬಿಡಬೇಡಿ, ಕಾಯಿರಿ. ಒಂದು ತರಗತಿಯಲ್ಲಿ ಕಿಟಕಿ ಪಕ್ಕದ ಹುಡುಗ ಎದ್ದು, ‘ಬತೇರಿ ಒಳಗೆ ನಿಂತ್ರೆ ಅಂಚು ಹೆಂಗೆ ಕಾಣುತ್ತೆ?’ ಅಂದ. ಒಳಗಿನ ಬಿಂದುವಿನಿಂದ ಸ್ಪರ್ಶಕವಿಲ್ಲ ಎಂಬುದನ್ನು ಆ ತರಗತಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ಪರದೆಯಲ್ಲಿ ಸಮ ಬಂತು ಎಂಬುದು ಪ್ರಮೇಯದ ಸಾಧನೆಯಲ್ಲ, ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಪರೀಕ್ಷೆಯಲ್ಲಿ ಬರೆಯಬೇಕಾದ್ದು ಓಎಪಿ, ಓಬಿಪಿ ತ್ರಿಭುಜಗಳು ಲಂಬಕೋನ-ವಿಕರ್ಣ-ಬಾಹು ನಿಯಮದಿಂದ ಸರ್ವಸಮ ಎಂಬುದನ್ನು. ಪ್ರೊಜೆಕ್ಟರ್ ಆರಿಸಿ ಅದನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಆ ಹೊತ್ತಿಗೆ ಕರೆಂಟ್ ಹೋದರೂ ಪಾಠ ನಿಲ್ಲದು.

ಮರುದಿನ ಲ್ಯಾಬಿನಲ್ಲಿ ಇಬ್ಬಿಬ್ಬರನ್ನು ಒಂದು ಕಂಪ್ಯೂಟರಿಗೆ ಕೂರಿಸಿ. ನಿಮ್ಮ ಫೈಲ್ ಕೊಡಬೇಡಿ, ಖಾಲಿ ಪುಟದಿಂದ ಕಟ್ಟಲಿ. ಮುಗಿಸಿದವರು ಪಕ್ಕದ ಜೋಡಿಯ ಪಿ ಹಿಡಿದು ಎಳೆದು ನೋಡಲಿ.