ಗೋಡೆಗೆ ಒರಗಿಸಿದ ಕುರ್ಚಿಗಳ ಡಾನ್ಸ್ ಕ್ಲಾಸ್

ಹಾಸನದಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುವುದು ನನ್ನ ಕೆಲಸ. ಪಾರ್ಕಿನ್ಸನ್ಸ್ ಕಾಯಿಲೆ ಇರುವವರಿಗೂ ಕ್ಲಾಸ್ ಮಾಡುತ್ತೇನೆ ಅಂದರೆ ಜನ ಕೇಳುವುದು ಒಂದೇ: 'ನಡೆಯೋದೇ ಕಷ್ಟ, ಇನ್ನು ಕುಣಿಸ್ತೀರಾ?'

ಅವರಿಗೆ ಕುಣಿತಕ್ಕಿಂತ ಮೊದಲು ಬೇಕಿರುವುದು ತಾಳ. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಡೋಪಮೈನ್ ಎಂಬ, ಮೈಯ ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಯೋಚನೆ ಮಾಡದೆ ಇಡುತ್ತಿದ್ದ ಹೆಜ್ಜೆಯೇ ಕೈಕೊಡುತ್ತದೆ. ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಹೊರಗಿನಿಂದ ಒಂದು ಸದ್ದೋ, ನೆಲದ ಮೇಲೊಂದು ಗೆರೆಯೋ ಸಿಕ್ಕರೆ ಎಷ್ಟೋ ಜನರ ಕಾಲು ಮತ್ತೆ ಏಳುತ್ತದೆ. 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮೋರಿಸ್ ಡಾನ್ಸ್ ಗ್ರೂಪ್ ಇಂಥವರಿಗೆಂದೇ ಕ್ಲಾಸ್ ಶುರು ಮಾಡಿತ್ತು. ನನ್ನ ಹತ್ತಿರ ಇದ್ದದ್ದು ತಾಳ ಹಾಕುವ ಮರದ ತಟ್ಟುಮಣೆ ಮತ್ತು ಕೋಲು. ಅದೇ ಸಾಕಾಯಿತು.

ಕ್ಲಾಸಿನ ಹೊತ್ತನ್ನು ಮಾತ್ರೆ ನೋಡಿ ಇಟ್ಟುಕೊಂಡೆ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಕೆಲಸ ಮಾಡುತ್ತಿರುವಾಗ ಮೈ ಸಡಿಲವಾಗಿರುತ್ತದೆ, ಇಳಿದಾಗ ಬಿಗಿಯುತ್ತದೆ. ಡಾಕ್ಟರು ಒಪ್ಪದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಕುರ್ಚಿಗಳೆಲ್ಲ ಗೋಡೆಗೆ ಒರಗಿರಬೇಕು, ಹಿಂದಕ್ಕೆ ಜಾರಬಾರದು. ಕಾಲುಚೀಲ ಬೇಡ.

ಮಂಡಿ ಬಗ್ಗಿಸಿ ಅರ್ಧ ಕೂರುವ ಅರೆಮಂಡಿ ಬಿಟ್ಟೆ. ಕುರ್ಚಿಯಲ್ಲಿ ಕುಳಿತೇ ತಟ್ಟಡವು, ಅಂದರೆ ಪಾದ ತಟ್ಟುವ ಮೊದಲ ಪಾಠ. ನಾನು ತಟ್ಟುತ್ತೇನೆ, ಅವರು 'ತೈಯ ತೈ' ಎಂದು ಜೋರಾಗಿ ಹೇಳುತ್ತಾ ಕಾಲು ತಟ್ಟುತ್ತಾರೆ. ಈ ಕಾಯಿಲೆಯಲ್ಲಿ ದನಿಯೂ ತಗ್ಗುತ್ತದೆ, ಅದಕ್ಕೇ ಬಾಯಿಬಿಟ್ಟು ಹೇಳಿಸುವುದು. ತಾಳ ಜಾಸ್ತಿ ಬೇಗ ಹೋದರೆ ಹೆಜ್ಜೆ ಚಿಕ್ಕದಾಗುತ್ತದೆ, ಹಾಗಾಗಿ ವಿಳಂಬದಲ್ಲೇ ಇರುತ್ತೇನೆ. ಆಮೇಲೆ ಚಾಕ್‌ಪೀಸಿನಲ್ಲಿ ಅಡ್ಡಗೆರೆ ಎಳೆದು, ಒಂದೊಂದೇ ದಾಟಿಸುತ್ತೇನೆ. ಎಲ್ಲಕ್ಕಿಂತ ಕಷ್ಟ ತಿರುಗುವುದು. ನಿಂತಲ್ಲೇ ಗಿರಕ್ಕನೆ ತಿರುಗಲು ಹೋದರೆ ಕಾಲಿಗೆ ಕಾಲು ತೊಡರುತ್ತದೆ. ಎತ್ತಿನ ಗಾಡಿ ತಿರುಗಿಸಿದ ಹಾಗೆ ದೊಡ್ಡದಾಗಿ ಬಳಸಿಕೊಂಡು ಬನ್ನಿ ಅನ್ನುತ್ತೇನೆ.

ಗಂಡಸರಿಗೆ ಭರತನಾಟ್ಯ ಅಂದರೆ ಸಂಕೋಚ. ಕೋಲು ಕೊಟ್ಟರೆ ಸಂಕೋಚ ಹೋಯಿತು! ಊರ ಹಬ್ಬದಲ್ಲಿ ಕೋಲಾಟ ಆಡಿದವರೇ ಜಾಸ್ತಿ ಅಲ್ವಾ. ಎದುರಿನವರ ಕೋಲಿಗೆ ಹೊಡೆಯಲು ತೋಳು ಪೂರ್ತಿ ಚಾಚಲೇಬೇಕು, ಕಣ್ಣು ಎತ್ತಲೇಬೇಕು. 'ಕೈ ಉದ್ದ ಮಾಡಿ' ಎಂದು ಬೇರೆ ಹೇಳಬೇಕಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಇದೇ ಜೀವ.

ಕೊನೆಗೆ ಮುಖಾಭಿನಯ. ಮುಖದ ಸ್ನಾಯು ಬಿಗಿದು ಭಾವನೆ ಕಾಣದಂತಾಗುವುದೂ ಈ ಕಾಯಿಲೆಯ ಲಕ್ಷಣ. 'ಇವರಿಗೆ ಯಾವಾಗಲೂ ಸಿಟ್ಟು' ಎಂದು ಮನೆಯವರು ತಪ್ಪು ತಿಳಿಯುತ್ತಾರೆ. ಹುಬ್ಬು ಏರಿಸಿ ಅದ್ಭುತ, ಮೂಗು ಮುರಿದು ಬೀಭತ್ಸ ಮಾಡಿಸುತ್ತೇನೆ. ಒಬ್ಬ ಅಜ್ಜಿಯ ಬೀಭತ್ಸ ನೋಡಿ ಎಲ್ಲರಿಗೂ ನಗು. 'ಸೊಸೆ ಮಾಡಿದ ಉಪ್ಪಿಟ್ಟು ನೆನೆಸ್ಕೊಂಡೆ ಕಣಮ್ಮಾ' ಅಂದರು.

ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಮಾತ್ರೆ ಬಿಡುವ ಹಾಗೂ ಇಲ್ಲ. ಮೊದಲ ದಿನವೇ ಹೇಳಿಬಿಡುತ್ತೇನೆ. ಆದರೆ ಕಾಲು ಕಚ್ಚಿಕೊಂಡಾಗ ಮನೆಯಲ್ಲೂ 'ತೈಯ ತೈ' ಅಂದುಕೊಂಡು ಹೊಸ್ತಿಲು ದಾಟುತ್ತೇವೆ ಎಂದು ಕೆಲವರು ಹೇಳಿದ್ದಾರೆ.

ಜೊತೆಗೆ ಬರುವ ಹೆಂಡತಿ, ಮಗ ಸುಮ್ನೆ ಮೊಬೈಲ್ ನೋಡುತ್ತಾ ಕೂರುವ ಹಾಗಿಲ್ಲ. ಪಕ್ಕದಲ್ಲೇ ನಿಂತು ಅವರೂ ಕೋಲು ಹಿಡಿಯಬೇಕು. ಬೀಳುವ ಮುಂಚೆ ಹಿಡಿಯಲು ಒಬ್ಬರು ಬೇಕಲ್ಲ.