ಕೊರ್ನೇಲ್ಯನ ಪಾಠವನ್ನು ಊಟದ ಪಂಕ್ತಿಯವರೆಗೆ ತರುವುದು

ಯಾವ ಜಾತಿ, ಯಾವ ಹಿನ್ನೆಲೆಯವರಾದರೂ ಕ್ರೈಸ್ತ ಸಭೆಗೆ ಸೇರಬಹುದು ಎಂದು ಕಲಿಸಲು ನಾನು ಹಿಡಿಯುವುದು ಬೈಬಲಿನ ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ: ಯೆಹೂದ್ಯನಾದ ಅಪೊಸ್ತಲ ಪೇತ್ರ, ಯೆಹೂದ್ಯನಲ್ಲದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಹೋಗಿ ಅಲ್ಲಿದ್ದವರಿಗೆ ದೀಕ್ಷಾಸ್ನಾನ ಮಾಡಿಸಿದ ಕಥೆ. ಸಾಮಾನ್ಯವಾಗಿ ಈ ಪಾಠ ‘ದೇವರು ಪಕ್ಷಪಾತಿಯಲ್ಲ’ ಎಂಬ 34ನೇ ವಚನಕ್ಕೇ ನಿಂತುಬಿಡುತ್ತದೆ. ಎಲ್ಲರೂ ಆಮೆನ್ ಅನ್ನುತ್ತಾರೆ, ಯಾರಿಗೂ ಏನೂ ತಟ್ಟುವುದಿಲ್ಲ. ಅದಕ್ಕೇ 11:18ರವರೆಗೆ ಓದಿಸಿ, ಅದರ ಬೆನ್ನಿಗೆ ಗಲಾತ್ಯ 2ನ್ನೂ ಸೇರಿಸಿ ಮೂರು ವಾರಕ್ಕೆ ಹಂಚುತ್ತೇನೆ.

ಮೊದಲ ವಾರ 10:1–23. ಪೇತ್ರ ಯೊಪ್ಪದಲ್ಲಿ ಇಳಿದುಕೊಂಡದ್ದು ಚರ್ಮಕಾರ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯ ತೊಗಲು ಹದ ಮಾಡುವವನ ಮನೆ ಅದು. ಅದೇ ಮನೆಯ ಮಾಳಿಗೆ ಮೇಲೆ ನಡುಮಧ್ಯಾಹ್ನ ಹಸಿದು ಕೂತವನು, ದರ್ಶನದಲ್ಲಿ ಎಲ್ಲ ಬಗೆಯ ಪ್ರಾಣಿಗಳನ್ನು ತೋರಿಸಿ ‘ತಿನ್ನು’ ಎಂದರೆ, ಅಶುದ್ಧವಾದದ್ದನ್ನು ಎಂದೂ ತಿಂದಿಲ್ಲ ಅನ್ನುತ್ತಾನೆ! ಇಲ್ಲಿ ವಿವರಣೆ ಬೇಡ, ಎರಡು ಸಲ ಗಟ್ಟಿಯಾಗಿ ಓದಿಸಿದರೆ ಸಾಕು. ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಮಿಕ್ಕದ್ದು ತಾನಾಗಿ ಹೊಳೆಯುತ್ತದೆ. ಕೊರ್ನೇಲ್ಯನನ್ನು ಮಾತ್ರ ಪಾಪಿಯೆಂದು ಚಿತ್ರಿಸಬೇಡಿ. ಅವನು ಪ್ರಾರ್ಥಿಸುವವನು, ದಾನಧರ್ಮ ಮಾಡುವವನು.

ಎರಡನೇ ವಾರ ಒಂದೇ ಪ್ರಶ್ನೆ: ಯೆರೂಸಲೇಮಿನವರು ಪೇತ್ರನ ಮೇಲೆ ಹೊರಿಸಿದ ತಪ್ಪೇನು? ದೀಕ್ಷಾಸ್ನಾನ ಮಾಡಿಸಿದ್ದು ಎಂಬ ಉತ್ತರ ಥಟ್ಟನೆ ಬರುತ್ತದೆ. ಆಗ 11:3 ತೆರೆಸಬೇಕು. ಸುನ್ನತಿಯಿಲ್ಲದವರ, ಅಂದರೆ ಯೆಹೂದ್ಯರಲ್ಲದವರ, ಮನೆಗೆ ಹೋಗಿ ಅವರ ಸಂಗಡ ಉಂಡೆಯಲ್ಲ ಎಂಬುದೇ ಅವರ ತಕರಾರು. 11:12ನ್ನೂ ಬಿಡಬೇಡಿ: ಪೇತ್ರ ಒಬ್ಬನೇ ಹೋಗಿರಲಿಲ್ಲ, ಆರು ಮಂದಿ ಸಹೋದರರು ಜೊತೆಗಿದ್ದರು. ಹೊಸಬರ ಮನೆಗೆ ಹೋಗುವಾಗ ಸಭೆಯ ಹಿರಿಯರನ್ನೂ ಕರೆದೊಯ್ಯುವುದು ಇದಕ್ಕೇ. ಆಮೇಲೆ ಗೊಣಗಾಟ ಎದ್ದರೆ ಕಣ್ಣಾರೆ ಕಂಡವರೇ ಮಾತಾಡುತ್ತಾರೆ.

ಮೂರನೇ ವಾರ ಗಲಾತ್ಯ 2:11–14. ಅದೇ ಪೇತ್ರ ಅಂತಿಯೋಕ್ಯದಲ್ಲಿ, ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದದ್ದೇ ತಡ, ಯೆಹೂದ್ಯರಲ್ಲದವರ ಪಂಕ್ತಿಯಿಂದ ಹಿಂದೆ ಸರಿದ. ಪೌಲನ ಜೊತೆಗಾರ ಬಾರ್ನಬನೂ ಅವನ ಜೊತೆಗೂಡಿದ. ಬೋಧನೆಯಲ್ಲಿ ಪೇತ್ರನಿಗೆ ಸಂದೇಹವಿರಲಿಲ್ಲ, ನೆಂಟರಿಷ್ಟರಂಥವರು ನೋಡಿಯಾರು ಎಂಬ ಅಂಜಿಕೆಯಷ್ಟೆ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ನಿನವರು ಸಭೆಗೆ ಸೇರುವವರು ಜಾತಿ ಬಿಡಲೇಬೇಕೆಂದು ಪಟ್ಟು ಹಿಡಿದಿದ್ದರು. ಆದರೂ ಮದುವೆ ಮಾತುಕತೆಯ ಹೊತ್ತಿಗೆ ಅದು ಇವತ್ತಿಗೂ ಇಣುಕುತ್ತದೆ. ಚರ್ಚೆ ಬಿಸಿಯಾಗುವುದು ಇಲ್ಲೇ, ಆಗಲಿ.

ಪಾಠದ ಪರೀಕ್ಷೆ ಪ್ರೇಮಭೋಜನದ, ಅಂದರೆ ಸಭೆಯವರೆಲ್ಲ ಒಟ್ಟಿಗೆ ಉಣ್ಣುವ, ದಿನ. ಮಾಂಸ ತಿನ್ನದ ಹೊಸಬರಿಗೆ ಬೇರೆ ಪಾತ್ರೆ, ಬೇರೆ ಸೌಟು ಇಡಿ. ರೋಮಾ 14:2–3ರ ಪ್ರಕಾರ ಸೊಪ್ಪು ತರಕಾರಿ ತಿನ್ನುವವನನ್ನು ಹೀನೈಸಬಾರದು. ಆದರೆ ಬೇರೆ ಪಂಕ್ತಿ ಮಾಡಬೇಡಿ. ‘ಸಸ್ಯಾಹಾರಿಗಳು ಆ ಕಡೆ’ ಎಂದರೆ ಆ ಕಡೆ ಅನ್ನುವುದು ನಿಧಾನಕ್ಕೆ ಜಾತಿಯ ಪಂಕ್ತಿಯೇ ಆಗುತ್ತದೆ. ಬಡಿಸುವವರೇ ಎರಡೂ ಹಿಡಿದು ಬರಲಿ.

ಬಾಗಿಲಲ್ಲಿ ನಿಲ್ಲುವವರಿಗೆ ಯಾಕೋಬ 2:2–4 ಬಾಯಿಪಾಠವಿರಬೇಕು. ಚಿನ್ನದ ಉಂಗುರದವನಿಗೆ ಮುಂದಿನ ಬೆಂಚು, ಕೊಳಕು ಬಟ್ಟೆಯವನಿಗೆ ‘ಅಲ್ಲೇ ನಿಲ್ಲು’ ಎನ್ನುವ ತಪ್ಪನ್ನು ಅದು ಹಾಗೇ ಎತ್ತಿ ತೋರಿಸುತ್ತದೆ. ಹೆಸರು ಕೇಳಿದ ಮೇಲೆ ‘ನೀವು ಯಾವ ಪೈಕಿ?’ ಅನ್ನುವ ಪ್ರಶ್ನೆ ಬೇಡ. ಮೊದಲ ತಿಂಗಳುಗಳಲ್ಲೇ ಹೊಸಬರನ್ನು ವೇದಿಕೆ ಹತ್ತಿಸಿ ಸಾಕ್ಷಿ, ಅಂದರೆ ನಂಬಿಕೆಗೆ ಬಂದ ಕಥೆ, ಹೇಳಿಸುವುದೂ ಬೇಡ. ಬಿಟ್ಟುಬಂದ ಜಾತಿಯ ಹೆಸರು ಅಲ್ಲಿಂದಲೇ ಅವರಿಗೆ ಅಂಟಿಕೊಳ್ಳುತ್ತದೆ.