ಕ್ಲಚ್ ಸವೆಸಿದ್ದು ಕೇಬಲ್

ಕುಂಬಳೆಯ ನನ್ನ ಶೆಡ್ಡಿಗೆ ಬರುವುದು ಹೆಚ್ಚಾಗಿ ಮೀನುಗಾರಿಕೆ ದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳು. ಸ್ಟರ್ನ್‌ಡ್ರೈವ್ ಅಪರೂಪ. ಅದರಲ್ಲಿ ಎಂಜಿನ್ ಬೋಟಿನ ಒಳಗಿರುತ್ತದೆ, ಡ್ರೈವ್ ಎನ್ನುವ ಗೇರ್ ಪೆಟ್ಟಿಗೆ ಹೊರಗೆ ನೀರಿನಲ್ಲಿರುತ್ತದೆ. ಹಿಂಬದಿಯ ಗೋಡೆಯನ್ನು ತೂರಿ ಹೋಗುವ ಕೇಬಲ್ ಒಂದು ಗೇರ್ ಬದಲಿಸುತ್ತದೆ. ಚಂದ್ರಗಿರಿ ಹೊಳೆಯ ಅಳಿವೆಯ ಕಡೆ ಪ್ರವಾಸಿಗರನ್ನು ಸುತ್ತಿಸುವ ಅಂಥದ್ದೊಂದು ಬೋಟು ಮಳೆಗಾಲದಲ್ಲಿ ನನ್ನ ಕೈಗೆ ಬಂತು. ಅದರ ಡ್ರೈವ್ ಮರ್ಕ್ರೂಸರ್ ಬ್ರಾಂಡಿನ ಆಲ್ಫಾ ಮಾದರಿಯದು.

ದೂರು ಎರಡಿತ್ತು. ದಕ್ಕೆಗೆ ಬಂದು ನ್ಯೂಟ್ರಲ್‌ಗೆ ಎಳೆದರೆ ಎಂಜಿನ್ ನಿಂತುಹೋಗುತ್ತದೆ. ಹೊಳೆಯ ನಡುವೆ ವೇಗ ಹೆಚ್ಚಿಸಿದರೆ ಮುಂದಿನ ಗೇರ್, ಅಂದರೆ ಬೋಟನ್ನು ಮುಂದಕ್ಕೆ ಒಯ್ಯುವ ಗೇರ್, ‘ಟಕ್’ ಎಂದು ಕಳಚಿ ಹಾರುತ್ತದೆ. ಗೇರ್ ಪೆಟ್ಟಿಗೆ ಬಿಚ್ಚಿ ಕ್ಲಚ್ ಬದಲಿಸಿಬಿಡಿ ಎಂಬುದು ಧಣಿಗಳ ಅಪ್ಪಣೆ. ನಾನು ಒಪ್ಪಲಿಲ್ಲ. ಲಿವರ್‌ನಿಂದ ಹೊರಟು ಪ್ರೊಪೆಲರ್ ತನಕ ಒಂದೊಂದೇ ಕೊಂಡಿ ಕಳಚಿ ನೋಡುವುದು ನನ್ನ ಪದ್ಧತಿ.

ಎಂಜಿನ್ ಮೇಲಿರುವ ಶಿಫ್ಟ್ ಪ್ಲೇಟಿನಲ್ಲಿ ಎರಡು ಕೇಬಲ್ ಸೇರುತ್ತವೆ: ಒಂದು ಲಿವರ್‌ನಿಂದ ಬರುವುದು, ಇನ್ನೊಂದು ಡ್ರೈವ್‌ಗೆ ಹೋಗುವುದು. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಎರಡನ್ನೂ ಬಿಡಿಸಿದೆ. ಲಿವರ್ ಸಲೀಸಾಗಿ ಓಡಾಡಿತು. ಡ್ರೈವ್‌ಗೆ ಹೋಗುವ ಕೇಬಲನ್ನು ಕೈಯಲ್ಲಿ ಎಳೆದರೆ ಅಲುಗಲು ಒಪ್ಪಲಿಲ್ಲ. ಹಾಗೆಂದು ಅದರ ಮೇಲೆಯೇ ಅಪವಾದ ಹೊರಿಸುವಂತಿಲ್ಲ, ಬಿಗಿ ಡ್ರೈವ್‌ನ ಒಳಗೂ ಇರಬಹುದು. ಲಿವರ್ ಕೇಬಲನ್ನು ಮತ್ತೆ ಜೋಡಿಸಿ, ಮುಂದಿನ ಗೇರ್‌ನಲ್ಲಿಟ್ಟು ಡ್ರೈವನ್ನು ಬೋಟಿನಿಂದ ಕಳಚಿ ಇಳಿಸಿದೆ. ಆಲ್ಫಾವನ್ನು ಕಳಚುವಾಗಲೂ ಮತ್ತೆ ಕೂರಿಸುವಾಗಲೂ ಮುಂದಿನ ಗೇರ್‌ನಲ್ಲೇ ಇಡಬೇಕು. ಡ್ರೈವ್ ಕಳಚಿದ ಮೇಲೂ ಕೇಬಲ್ ಅಷ್ಟೇ ಬಿಗಿ. ಕೆಳಗಿಟ್ಟ ಡ್ರೈವ್‌ನಲ್ಲಿ ಶೆಡ್ಡಿನ ಹುಡುಗ ಪ್ರೊಪೆಲರ್ ತಿರುಗಿಸುತ್ತಿದ್ದಾಗ ನಾನು ಗೇರ್ ಬದಲಿಸುವ ದಂಡವಾದ ಶಿಫ್ಟ್ ಶಾಫ್ಟನ್ನು ತಿರುಗಿಸಿದೆ; ಹಗುರವಾಗಿ ಬಂತು. ಅಲ್ಲಿಗೆ ಮೊದಲನೆಯ ರೋಗ ಎಲ್ಲಿದೆ ಎಂಬುದು ಖಚಿತವಾಯಿತು.

ಎಂಜಿನ್ ನಿಲ್ಲುವುದಕ್ಕೂ ಕೇಬಲ್‌ಗೂ ಏನು ಸಂಬಂಧ ಎಂದು ಧಣಿಗಳು ಕೇಳಿದರು. ಈ ಮಾದರಿಯ ಗೇರ್‌ನಲ್ಲಿ ಇರುವುದು ಹಲ್ಲಿಗೆ ಹಲ್ಲು ಕಚ್ಚುವ ಡಾಗ್ ಕ್ಲಚ್. ಎಂಜಿನ್ ತಳ್ಳುತ್ತಿರುವಷ್ಟು ಹೊತ್ತು ಹಲ್ಲುಗಳು ಬಿಟ್ಟುಕೊಡುವುದಿಲ್ಲ. ಆದ್ದರಿಂದ ನ್ಯೂಟ್ರಲ್‌ಗೆ ಎಳೆದಾಗ ಶಿಫ್ಟ್ ಪ್ಲೇಟಿನ ಒಂದು ಸಣ್ಣ ಸ್ವಿಚ್ ಕ್ಷಣಮಾತ್ರ ಇಗ್ನಿಷನ್ ಕಡಿಯುತ್ತದೆ. ಎಂಜಿನ್ ಮುಗ್ಗರಿಸಿದ ಆ ಕ್ಷಣದಲ್ಲಿ ಹಲ್ಲು ಬಿಡುತ್ತದೆ. ಕೇಬಲ್ ಬಿಗಿಯಾದರೆ ಸ್ವಿಚ್ ಒತ್ತಿಕೊಂಡೇ ಉಳಿಯುತ್ತದೆ, ಎಂಜಿನ್ ಪೂರ್ತಿ ನಿಲ್ಲುತ್ತದೆ.

“ಸ್ವಿಚ್ಚಿನ ವಯರ್ ಕಿತ್ತುಹಾಕಿದರೆ ಸಾಕಂತೆ ಅಣ್ಣಾ, ಯಾರೋ ಹೇಳಿದರು” ಎಂದರು ಧಣಿಗಳು.

“ಸಾಕು ಧಣಿಗಳೇ. ಎಂಜಿನ್ ನಿಲ್ಲುವುದಿಲ್ಲ, ಬೋಟೂ ನಿಲ್ಲುವುದಿಲ್ಲ. ನೇರ ದಕ್ಕೆಗೇ ಗುದ್ದುತ್ತದೆ” ಎಂದೆ. ತಮಾಷೆಯಲ್ಲ. ಪರೀಕ್ಷೆಗಾಗಿ ಕ್ಷಣಕಾಲ ಬಿಡಿಸಿ ನೋಡುವುದು ಬೇರೆ, ಹಾಗೆಯೇ ಬಿಟ್ಟು ಜನರನ್ನು ಹತ್ತಿಸುವುದು ಬೇರೆ.

ಇನ್ನು ಗೇರ್ ಹಾರುವ ವಿಚಾರ. ಗೇರ್ ಆಯಿಲ್ ಇಳಿಸಿದೆ. ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಅಂದರೆ ಸೀಲ್‌ಗಳು ನೀರು ಬಿಟ್ಟಿಲ್ಲ. ಆದರೆ ಪಾತ್ರೆಯಲ್ಲಿ ಅಯಸ್ಕಾಂತ ಆಡಿಸಿದಾಗ ಉಕ್ಕಿನ ಚಕ್ಕೆಗಳು ಹತ್ತಿಕೊಂಡವು. ನುಣುಪಾದ ಕಪ್ಪು ಕೆಸರಾದರೆ ಚಿಂತೆಯಿಲ್ಲ. ಚಕ್ಕೆ ಬಂದರೆ ಬಿಚ್ಚಲೇಬೇಕು. ಪ್ರೊಪೆಲರ್ ಶಾಫ್ಟಿನ ದೊಡ್ಡ ನಟ್ ಉಪ್ಪಿಗೆ ಕಚ್ಚಿಕೊಂಡಿತ್ತು. ಎಣ್ಣೆ, ಬಿಸಿ, ತಾಳ್ಮೆ ಮೂರೂ ಬೇಕಾದವು. ಒಳಗೆ ಕ್ಲಚ್‌ನ ಹಲ್ಲುಗಳ ಅಂಚು, ಮುಂದಿನ ಗೇರ್ ಕಡೆ ಮಾತ್ರ, ಉರುಟಾಗಿತ್ತು. ರಿವರ್ಸ್ ಕಡೆ ಚೂಪಾಗಿಯೇ ಇತ್ತು. ಹೊಸ ಹಲ್ಲಿನ ಮುಖ ತುಸು ಒಳವಾಲಾಗಿರುವುದರಿಂದ ಭಾರ ಬಿದ್ದಷ್ಟೂ ಒಂದನ್ನೊಂದು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಅಂಚು ಉರುಟಾದರೆ ಅದೇ ಭಾರ ಹೊರಗೆ ತಳ್ಳುತ್ತದೆ. ಅದಕ್ಕೇ ನಿಧಾನದಲ್ಲಿ ಸರಿಯಿದ್ದ ಗೇರ್ ವೇಗದಲ್ಲಿ ಹಾರುತ್ತಿತ್ತು.

ಹಲ್ಲನ್ನು ಗ್ರೈಂಡರ್‌ನಲ್ಲಿ ತೀಡಿ ಚೂಪು ಮಾಡಿಕೊಡುವವರಿದ್ದಾರೆ. ನಾನು ಮಾಡುವುದಿಲ್ಲ. ಮೇಲ್ಪದರದ ಗಟ್ಟಿ ಉಕ್ಕು ಹೋದರೆ ಉಳಿಯುವುದು ಮೆತ್ತನೆಯ ಒಡಲು. ಕ್ಲಚ್ ಬದಲಿಸುವಾಗ ಅದು ಕಚ್ಚುವ ಗೇರ್‌ನ ಹಲ್ಲನ್ನೂ ನೋಡಬೇಕು. ಇಲ್ಲಿ ಅದೂ ಸವೆದಿತ್ತು. ಮುಂದಿನ ಗೇರನ್ನು, ಅದನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್ ಸಮೇತ ಜೋಡಿಯಾಗಿಯೇ ಹಾಕಿ, ಶಿಮ್ ಎಂಬ ತೆಳು ಬಿಲ್ಲೆ ಇಟ್ಟು ಹಲ್ಲುಗಳ ನಡುವಿನ ಸಡಿಲವನ್ನು ಗೇಜ್‌ನಲ್ಲಿ ಅಳೆದೆ. ಖರ್ಚು ಏರಿದ್ದು ಇಲ್ಲೇ, ಧಣಿಗಳ ಮುಖ ಇಳಿದದ್ದೂ ಇಲ್ಲೇ.

ಆದರೆ ಕ್ಲಚ್ ಒಂದನ್ನೇ ಬದಲಿಸಿದ್ದರೆ ಆ ಹಣವೂ ನೀರಿಗೆ ಬೀಳುತ್ತಿತ್ತು. ಕೇಬಲ್ ಬಿಗಿಯಾದ್ದರಿಂದ ಕ್ಲಚ್ ಪೂರ್ತಿ ಸರಿಯದೆ, ಹಲ್ಲಿನ ತುದಿ ತುದಿಗೆ ಉಜ್ಜಿ ಸವೆದಿತ್ತು. ಹಳೆಯ ಕೇಬಲ್ ಹೊರಗೆಳೆದಾಗ, ಗೋಡೆಯ ಹೊರಗೆ ಕೇಬಲನ್ನು ಮುಚ್ಚುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆ, ಬೆಲ್ಲೋಸ್‌ನ ಮಡಿಕೆಯಲ್ಲಿ ಚಿಪ್ಪುಹುಳು ಬೆಳೆದು ಕೊಯ್ದ ಗಾಯವಿತ್ತು. ಅದರ ಮೂಲಕ ಹೊಕ್ಕ ಉಪ್ಪುನೀರು ಒಳತಂತಿಗೆ ತುಕ್ಕು ಹಿಡಿಸಿತ್ತು. ಕೇಬಲ್, ಬೆಲ್ಲೋಸ್ ಎರಡೂ ಹೊಸದು ಹಾಕಿ, ಕೈಪಿಡಿಯ ಅಳತೆಗೆ ಕೇಬಲಿನ ಉದ್ದ ಸರಿಪಡಿಸುವ ಹಿತ್ತಾಳೆಯ ಬ್ಯಾರಲ್ ಹೊಂದಿಸಿದೆ.

ನೀರಿಗಿಳಿಸಿದ ಮೇಲೆ ಚಾಲಕ ಹುಡುಗನಿಗೆ ಒಂದು ಮಾತು ಹೇಳಬೇಕಾಯಿತು. ಜೋಪಾನ ಮಾಡುತ್ತೇನೆಂದು ಅವನು ಲಿವರನ್ನು ಮೆಲ್ಲಗೆ ನೂಕುತ್ತಿದ್ದ. ಹಾಗೆ ಮಾಡಿದರೆ ಹಲ್ಲುಗಳು ಕಟಕಟ ತಾಗುತ್ತ ಸವೆಯುತ್ತವೆ. ಎಂಜಿನ್ ಐಡಲ್‌ನಲ್ಲಿರುವಾಗ ಒಂದೇ ಏಟಿಗೆ ಹಾಕು ಎಂದೆ. ಧಣಿಗಳಿಗೆ ಹೇಳಿದ್ದು ಇಷ್ಟೇ: ಬೋಟು ದಡಕ್ಕೆ ಹತ್ತಿದಾಗಲೆಲ್ಲ ಬೆಲ್ಲೋಸ್ ಮಡಿಕೆಗಳಲ್ಲಿ ಬೆರಳಾಡಿಸಿ ನೋಡಿ, ಲಿವರ್ ತುಸು ಬಿಗಿ ಅನಿಸಿದರೂ ಬೋಟನ್ನು ತಂದುಬಿಡಿ.